ಚಿತ್ರ ಸಂಖ್ಯೆ ಏಳು: ಉಪ್ಪು ಹಾಕುವುದು

ನಾನು ಇಂದಿನವರೆಗೂ ಒಲೆ ಹಚ್ಚಿದವನಲ್ಲ. ಈ ಅರ್ಹತೆಯ ಆಧಾರದ ಮೇಲೆಯೇ ೨೦೦೩ನೇ ಇಸವಿಯ ಜೂನ್ ತಿಂಗಳಲ್ಲಿ ನನ್ನನ್ನು ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ದೃಶ್ಯಪಾಕ ತರಬೇತಿ ಘಟಕದ ಮುಖ್ಯಸ್ಥನನ್ನಾಗಿ ನೇಮಿಸಲಾಯಿತು. ಅಡುಗೆ ಬಲ್ಲ ಅಧಿಕಾರಿಗಳು ಇರಲಿಲ್ಲವೆಂದಲ್ಲ. ಇಬ್ಬರಿದ್ದರು. ಅಡುಗೆ ಬಲ್ಲವರಿಗೆ ಅಡುಗೆಯ ವಿಷಯದಲ್ಲಿ ಪೂರ್ವಗ್ರಹ ಇರುವ ಸಾಧ್ಯತೆ ಇದೆ ಎಂದು ಮೇಲಿನ ಕಚೇರಿ ಅಭಿಪ್ರಾಯಪಟ್ಟು ಅವರನ್ನು ಕೈಬಿಟ್ಟಿತು. ನನಗೆ ಯಾವ ಪೂರ್ವಗ್ರಹವೂ ಇರಲಿಲ್ಲ. ಸಾಸಿವೆ ಯಾವುದು, ರಾಗಿ ಯಾವುದು ಎಂದು ಪಕ್ಕಪಕ್ಕ ಇಟ್ಟರೆ ಹೇಳಬಲ್ಲೆ. ಬೇರೆ ಬೇರೆ ಇಟ್ಟರೆ ಹೇಳಲಾರೆ.

ಘಟಕದ ಹಿನ್ನೆಲೆ ಇಷ್ಟು. ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಆಗತಾನೇ ಶುರುವಾಗಿತ್ತು. ಅಡುಗೆಯವರಿಗೆಂದು ಒಂದು ಪುಸ್ತಿಕೆಯನ್ನು ಅಚ್ಚು ಹಾಕಿಸಿ ಹಂಚಲಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲವಾದರೂ ಪುಸ್ತಿಕೆಯ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಬಂದಿತ್ತು: ಸೌದೆ ಹಸಿಯಾಗಿದ್ದ ದಿನವೂ ಅದು ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇನ್ನು ಮುಂದೆ ಅಕ್ಷರದ ಬದಲು ಚಿತ್ರಗಳ ಮೂಲಕ ಅಡುಗೆ ಕಲಿಸುವುದೆಂದು ತೀರ್ಮಾನವಾಯಿತು. ಅಡುಗೆಯವರಿಗೆ ಅಡುಗೆ ಮೊದಲೇ ಬರುತ್ತದೆಯಲ್ಲ ಎಂದು ಸಭೆಯಲ್ಲಿ ಯಾರೋ ಕೇಳಿದರಂತೆ. ಅವರನ್ನು ಮುಂದಿನ ಸಭೆಗೆ ಕರೆಯಲಿಲ್ಲ.

ನನ್ನನ್ನು ಮೈಸೂರಿನಲ್ಲಿ ಎರಡು ದಿನದ ಕಾರ್ಯಾಗಾರಕ್ಕೆ ಕಳಿಸಿದರು. ಅಲ್ಲಿ ಬಂದಿದ್ದ ಸಂಪನ್ಮೂಲ ವ್ಯಕ್ತಿಯ ಪ್ರಕಾರ ಮನುಷ್ಯರಲ್ಲಿ ಮೂರು ಬಗೆ: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು. ನನಗೆ ತಕ್ಷಣ ನಂಬಿಕೆ ಬಂತು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಸೇಬನ್ನು ನಾನು ಮೊದಲು ಕಂಡದ್ದು ಪುಸ್ತಕದ ಮೊದಲನೇ ಪುಟದಲ್ಲಿ. ಆಮೇಲೆ ಮಾರುಕಟ್ಟೆಯಲ್ಲಿ ನಿಜವಾದ ಸೇಬನ್ನು ನೋಡಿ, ಇದರ ಬಣ್ಣ ತಪ್ಪಾಗಿದೆ ಎಂದು ಅಪ್ಪನಿಗೆ ಹೇಳಿದ್ದೆ. ಈ ಶಿಸ್ತು ನನ್ನಲ್ಲಿ ಈಗಲೂ ಉಳಿದಿದೆ.

ಮೊದಲ ತರಬೇತಿಗೆ ನರಸೀಪುರದ ಸಭಾಂಗಣಕ್ಕೆ ಇಪ್ಪತ್ತೆಂಟು ಜನ ಅಡುಗೆಯವರು ಬಂದರು. ಅವರು ಮೂರರಲ್ಲಿ ಯಾವ ಬಗೆಯವರೆಂದು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು. "ನೀವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಮಾಡಿ ಕಲಿಯುವವರೋ?" ಎಂದು ಗಟ್ಟಿಯಾಗಿ ಕೇಳಿದೆ. ಇಪ್ಪತ್ತೆಂಟು ಜನವೂ ನನ್ನ ಮುಖ ನೋಡಿದರು. ನೋಡಿದರು ಎಂಬುದನ್ನು ದಾಖಲಿಸಿಕೊಂಡು, ನೂರಕ್ಕೆ ನೂರು ದೃಶ್ಯ ಕಲಿಕಾರ್ಥಿಗಳು ಎಂದು ವರದಿ ಕಳಿಸಿದೆ.

ಮುಂದಿನ ಸಾಲಿನಲ್ಲಿ ಹೆಮ್ಮಿಗೆಯ ಚಲುವಮ್ಮ ಕೂತಿದ್ದರು. ಐವತ್ತರ ಆಸುಪಾಸು, ಸಣ್ಣ ಆಳು. ಹೆಮ್ಮಿಗೆಯ ಆಚೆಗಿನ ಒಂದು ಶಾಲೆಯಲ್ಲಿ ನೂರಿಪ್ಪತ್ತು ಮಕ್ಕಳಿಗೆ ಒಬ್ಬರೇ ಅಡುಗೆ ಮಾಡುತ್ತಿದ್ದರು. ಅವರ ಸಾರಿನ ಬಗ್ಗೆ ನನಗೆ ಮೊದಲೇ ದೂರು ಬಂದಿತ್ತು: ಪಕ್ಕದೂರಿನ ಮಕ್ಕಳೂ ಆ ಶಾಲೆಗೆ ಬಂದು ಪಂಕ್ತಿಯಲ್ಲಿ ಕೂರುತ್ತಾರೆ, ಹಾಜರಿ ಲೆಕ್ಕ ತಪ್ಪುತ್ತದೆ ಎಂದು.

"ನೂರಿಪ್ಪತ್ತು ಮಕ್ಕಳ ಸಾರಿಗೆ ಉಪ್ಪು ಎಷ್ಟು ಹಾಕುತ್ತೀರಿ?" ಎಂದು ಕೇಳಿದೆ.

"ಕೈಗೆ ಬಂದಷ್ಟು ಸಾ."

"ಕೈಗೆ ಬಂದಷ್ಟು ಅಂದರೆ ಎಷ್ಟು?"

"ಅದು ಕೈಗೇ ಗೊತ್ತಾಯ್ತದೆ ಕಣ್ ಸಾ. ಸಾರ್ ನೋಡುದ್ರೆ ಕೈ ತಾನೇ ಓಯ್ತದೆ."

"ಕೈಗೆ ಗೊತ್ತಿದೆ. ಸರಿ. ಆದರೆ ಇಲಾಖೆಗೆ ಗೊತ್ತಾಗಬೇಡವೇ?"

"ಇಲಾಖೆ ಸಾರುಣ್ಣಕೆ ಬಂದದಾ ಸಾ?"

ಹಿಂದಿನ ಸಾಲಿನಲ್ಲಿ ನಕ್ಕರು. ನಾನು ನಗಲಿಲ್ಲ. ಒಂದು ಹಿಡಿ, ಒಂದು ಚಿಟಿಕೆ, ಒಂದು ಬೊಗಸೆ, ಕೈಗೆ ಬಂದಷ್ಟು: ಈ ಅರಾಜಕತೆಯನ್ನು ಕೊನೆಗಾಣಿಸಲೆಂದೇ ನಾನು ಬಂದಿದ್ದೇನೆ ಎಂದು ಆ ಕ್ಷಣ ನನಗೆ ಮನವರಿಕೆಯಾಯಿತು. ಬೇಳೆಸಾರಿಗೆ ಹನ್ನೆರಡು ಚಿತ್ರಗಳೆಂದು ನಿಗದಿ ಮಾಡಿದೆ. ಒಂದನೆಯದು ಬೇಳೆ ತೊಳೆಯುವುದು. ಹನ್ನೆರಡನೆಯದು ಬಡಿಸುವುದು. ಏಳನೆಯದು ಉಪ್ಪು ಹಾಕುವುದು.

ಚಿತ್ರ ಬರೆಯಲು ಬಸ್ ಸ್ಟ್ಯಾಂಡ್ ಹಿಂದಿನ ಬೋರ್ಡ್ ಕಲಾವಿದ ಮಂಟೇಸ್ವಾಮಿಯನ್ನು ಗೊತ್ತುಮಾಡಿದೆವು. ಲಾರಿಗಳ ಹಿಂಭಾಗದ ಹುಲಿಗಳು, ಹಣ್ಣಿನಂಗಡಿಗಳ ರಸಬಾಳೆ ಗೊನೆಗಳು ಆತನ ಹಿಂದಿನ ಕೃತಿಗಳು. ಆರು ಚಿತ್ರಗಳು ಸಲೀಸಾಗಿ ಮುಗಿದವು. ಏಳನೆಯದಕ್ಕೆ ಆತ ಬ್ರಷ್ ಕೆಳಗಿಟ್ಟ.

"ಸಾ, ಕೈ ಬರೀಬೇಕಾದ್ರೆ ಎದುರಿಗೊಂದು ಕೈ ಇರ್ಬೇಕು. ಹುಲಿ ಬೇಕಾದ್ರೆ ನೋಡ್ದೇನೇ ಬರ್ದ್‌ಬುಡ್ತೀನಿ."

"ಹುಲಿಯನ್ನು ನೋಡದೆ ಬರೆಯುವವರಿಗೆ ಕೈ ಯಾಕೆ ನೋಡಬೇಕು?"

"ಹುಲೀನ ಯಾರೂ ನೋಡಿಲ್ವಲ್ಲ ಸಾ. ಕೈ ಎಲ್ಲರತ್ರಾನೂ ಅದೆ. ತಪ್ಪು ಕಂಡುಹಿಡೀತಾರೆ."

ಈ ಮಾತಿನ ನಿಖರತೆ ನನಗೆ ಹಿಡಿಸಿತು. ಚಲುವಮ್ಮನವರ ಕೈಯನ್ನೇ ಬರೆಸಿದರಾಯಿತು ಎಂದೆ. ಅಷ್ಟರಲ್ಲಿ ನಮ್ಮ ಕಚೇರಿಯ ಮೇಲ್ವಿಚಾರಕರಾದ ಪುಟ್ಟಬಸವಯ್ಯನವರು ಕೆಮ್ಮಿದರು. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಪುಟ್ಟಬಸವಯ್ಯನವರು ಯಾರಿಗೂ ಆಗುವುದಿಲ್ಲ ಎಂದು ಹೇಳಿದವರಲ್ಲ. ಕೆಮ್ಮುತ್ತಾರೆ, ಅಷ್ಟೆ.

"ಸಾರ್, ಅಡುಗೆಯೋರು ಗೌರವಧನದ ಮೇಲಿರೋರು. ಸರ್ಕಾರಿ ನೌಕರರಲ್ಲ. ಖಾಸಗಿ ವ್ಯಕ್ತಿಯ ಅಂಗಾನ ಸರ್ಕಾರಿ ದಾಖಲೇಲಿ ತೋರ್ಸೋದು ನಿಯಮಕ್ಕೆ ಬರಲ್ಲ."

"ಹಾಗಾದರೆ ಯಾರ ಕೈ?"

"ಪ್ರಮಾಣ ಅಂದ್ಮೇಲೆ ಗೆಜೆಟೆಡ್ ಕೈಯೇ ಆಗ್ಬೇಕಾಗ್ತದೆ ಸಾರ್."

ಕಟ್ಟಡದಲ್ಲಿದ್ದ ಗೆಜೆಟೆಡ್ ಕೈಗಳು ಎರಡು. ಎರಡೂ ನನ್ನವು. ಬಲಗೈಯನ್ನು ಆಯ್ಕೆ ಮಾಡಲಾಯಿತು. ಬೆರಳು ಬಿಡಿಸಿ, ಅಂಗೈ ತುಂಬ ಕಲ್ಲುಪ್ಪಿನ ಗುಪ್ಪೆ ಇಟ್ಟುಕೊಂಡು, ಒಂದೂವರೆ ಗಂಟೆ ಕೂತೆ. ಎಷ್ಟು ಉಪ್ಪು ಎಂದು ನಾನು ಯಾರನ್ನೂ ಕೇಳಲಿಲ್ಲ. ಅಂಗೈಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು. ಚಿತ್ರದ ಕೈ ನನ್ನ ಕೈಯಷ್ಟೇ ಇರಬೇಕು, ಒಂದು ಕೂದಲೂ ಹೆಚ್ಚುಕಡಿಮೆಯಾಗಕೂಡದು ಎಂದು ತಾಕೀತು ಮಾಡಿದ್ದೆ. ಮಂಟೇಸ್ವಾಮಿ ಸ್ಕೇಲಿಟ್ಟು ಅಳೆದು ಬರೆದ. ಬೆರಳುಗಳು ಸ್ವಲ್ಪ ರಸಬಾಳೆಯಂತೆ ಬಂದವು, ಅದು ಅಭ್ಯಾಸಬಲ. ನಾನು ಇಂಕ್ ಪೆನ್ನನ್ನೇ ಬಳಸುವವನಾದ್ದರಿಂದ ನಡುಬೆರಳಿಗೆ ನೀಲಿ ಕಲೆಯಿತ್ತು. ಅದನ್ನೂ ಬರೆದ. ಅಳಿಸಲಾ ಸಾ ಎಂದು ಕೇಳಿದ. ಇದ್ದದ್ದನ್ನು ಇದ್ದಂತೆ ತೋರಿಸುವುದೇ ಶಿಕ್ಷಣ ಎಂದು ಹೇಳಿ ಸಹಿ ಮಾಡಿದೆ.

ಅಚ್ಚಾಗಲು ಚಿತ್ರಗಳು ನಂಜನಗೂಡಿನ ಒಂದು ಪ್ರೆಸ್ಸಿಗೆ ಹೋದವು. ಅವರು ಮುಖ್ಯವಾಗಿ ಕ್ಯಾಲೆಂಡರ್ ಮಾಡುವವರು. ಆಗಸ್ಟ್ ಮೊದಲ ವಾರ ಐದು ಸಾವಿರ ಹಾಳೆಗಳು ಮೇಲೊಂದು ತಗಡಿನ ಪಟ್ಟಿ, ಮೊಳೆಗೆ ಸಿಕ್ಕಿಸಲು ಒಂದು ಕುಣಿಕೆ ಸಮೇತ ಬಂದವು. ಚಲುವಮ್ಮ ಹನ್ನೆರಡೂ ಹಾಳೆ ಮಗುಚಿ ನೋಡಿ, "ಎಲ್ಲಾ ಸರಿ ಸಾ, ಅಮಾಸೆ ಎಲ್ಲದೆ ಇದ್ರಲ್ಲಿ?" ಎಂದರು.

ಚಿತ್ರಗಳನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆಂದು ತಿಳಿಯಲು ಎರಡನೇ ತರಬೇತಿ ಕರೆದೆ. ಇಪ್ಪತ್ತೆಂಟು ಜನರಲ್ಲಿ ಇಪ್ಪತ್ತಮೂರು ಜನ ಬಲಗೈಯ ನಡುಬೆರಳಿಗೆ ನೀಲಿ ಶಾಯಿ ಹಚ್ಚಿಕೊಂಡು ಬಂದಿದ್ದರು.

"ಇದೇನಿದು?"

"ಏಳ್ನೇ ಪಟದಲ್ಲಿ ಅದೆಯಲ್ಲ ಸಾ," ಎಂದರು ಚಲುವಮ್ಮ. "ಓಟಾಕುವಾಗ ಬೆರಳಿಗೆ ಮಸಿ ಹಚ್ತಾರಲ್ಲ, ಒಂದ್ಸಲ ಆಕ್ದೋರು ಇನ್ನೊಂದ್ಸಲ ಆಕ್ಬಾರ್ದು ಅಂತ. ಉಪ್ಪೂ ಅಂಗೇಯ. ಒಬ್ರು ಆಕಿದ್ದ ಗೊತ್ತಿಲ್ದೆ ಇನ್ನೊಬ್ರು ಆಕ್ಬುಟ್ರೆ ಸಾರು ಕೆಡ್ತದಲ್ಲ. ಮಸಿ ಕಂಡ್ರೆ ಗೊತ್ತಾಯ್ತದೆ. ಒಳ್ಳೇ ಐಡಿಯಾ ಮಾಡಿದ್ದೀರಿ ಬುಡಿ."

ನಾನು ಒಂದು ನಿಮಿಷ ಯೋಚಿಸಿ, ಸರಿಯಾಗಿ ಗ್ರಹಿಸಿದ್ದೀರಿ ಎಂದೆ. ಅಂದಿನಿಂದ ಪ್ರತಿ ಶಾಲೆಗೂ ಒಂದು ಬಾಟಲಿ ಶಾಯಿ ಸರಬರಾಜಾಗತೊಡಗಿತು. ಇಬ್ಬರು ಅಡುಗೆಯವರಿರುವ ಕಡೆ ಅದರಿಂದ ನಿಜಕ್ಕೂ ಅನುಕೂಲವಾಯಿತಂತೆ. ಯೋಜನೆಯಿಂದ ಆದ ಉಪಯೋಗ ಅದೊಂದೇ. ನಾನು ಯೋಜಿಸದೇ ಇದ್ದದ್ದೂ ಅದೊಂದೇ.

ಒಂದು ಸೋಮವಾರ ಹೇಳದೆ ಕೇಳದೆ ಚಲುವಮ್ಮನ ಅಡುಗೆಮನೆಗೆ ಹೋದೆ. ಹನ್ನೆರಡು ಹಾಳೆಗಳೂ ಬಿಡಿಬಿಡಿಯಾಗಿ ಗೋಡೆಯ ಮೇಲಿದ್ದವು. ಅವರು ಏಳನೆಯದರ ಮುಂದೆ ನಿಂತು, ಚಿತ್ರವನ್ನು ಗೌರವದಿಂದ ನೋಡಿ, ಉಪ್ಪಿನ ಡಬ್ಬಕ್ಕೆ ಕೈ ಹಾಕಿ, ಚಿತ್ರದಲ್ಲಿದ್ದದ್ದರ ಅರ್ಧವನ್ನೂ ಹಾಕಲಿಲ್ಲ.

"ಚಿತ್ರ ನೋಡಿದಿರಾ?"

"ನೋಡ್ದೆ ಸಾ. ಚೆನ್ನಾಗದೆ."

"ಅದರಂತೆ ಯಾಕೆ ಹಾಕಲಿಲ್ಲ?"

"ಅದರಂಗೆ ಆಕುದ್ರೆ ಐಕ್ಳು ಬಾಯ್ಗಿಡಾದು ಬ್ಯಾಡ್ವಾ?"

ಸಾರಿನ ರುಚಿ ನೋಡಿದೆ. ಚೆನ್ನಾಗಿತ್ತು. ಆದರೆ ರುಚಿ ನನ್ನ ನಮೂನೆಯಲ್ಲಿ ಇರಲಿಲ್ಲ. ಚಿತ್ರವೊಂದು, ಕೈಯೊಂದು ಎಂದಾದರೆ ಚಿತ್ರ ಯಾಕಿರಬೇಕು? ಕಚೇರಿಗೆ ಬಂದವನೇ ಒಂದು ಸುತ್ತೋಲೆ ಬರೆದೆ. ಅದನ್ನು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದೆನೆಂದು ಪುಟ್ಟಬಸವಯ್ಯನವರು ಇಂದಿಗೂ ಹೇಳುತ್ತಾರೆ, ಇರಲಿ.

"ಚಿತ್ರ ಸಂಖ್ಯೆ ಏಳರಲ್ಲಿ ತೋರಿಸಿರುವ ಹಸ್ತವನ್ನು ಪ್ರಮಾಣಿತ ಹಸ್ತವೆಂದು ಪರಿಗಣಿಸತಕ್ಕದ್ದು. ಪ್ರತಿ ಅಡುಗೆಯವರೂ ತಮ್ಮ ಬಲಗೈಯನ್ನು ಸದರಿ ಚಿತ್ರದ ಮೇಲೆ ಇಡತಕ್ಕದ್ದು. ಇಟ್ಟ ಕೈಯ ಸುತ್ತ ಚಿತ್ರದ ಕೈ ಕಾಣಿಸಿದಲ್ಲಿ ಅಂಥ ಕೈಯನ್ನು ‘ಅಸಮ್ಮತ’ ಎಂದು ದಾಖಲಿಸತಕ್ಕದ್ದು. ಮೂರು ಬಾರಿ ಅಸಮ್ಮತವಾದ ಕೈಯನ್ನು, ಅದರ ಉಳಿದ ಭಾಗದೊಂದಿಗೆ, ಕೆಲಸದಿಂದ ಬಿಡುಗಡೆ ಮಾಡತಕ್ಕದ್ದು."

ಉಳಿದ ಶಾಲೆಗಳ ಪರಿಶೀಲಕರು ತಮ್ಮ ತಮ್ಮ ಕಚೇರಿಯಲ್ಲೇ ಕುಳಿತು ‘ಸಮ್ಮತ’ ಎಂದು ಬರೆದು ಕಳಿಸಿದ್ದರಿಂದ ಅಲ್ಲೆಲ್ಲ ಕೈಗಳು ಸರಿಹೊಂದಿದವು. ಹೆಮ್ಮಿಗೆ ಕಡೆಯ ಆ ಶಾಲೆ ಮಾತ್ರ ನನ್ನ ಪಾಲಿಗೆ ಬಂದಿತ್ತು. ನಾನು ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವವನು. ಚಲುವಮ್ಮನ ದುರದೃಷ್ಟ ಇಷ್ಟೇ.

ಮೊದಲ ಪರೀಕ್ಷೆಯ ದಿನ ಹಾಳೆಯನ್ನು ಮೇಜಿನ ಮೇಲೆ ಹರಡಿ, ಕೈ ಇಡಿ ಎಂದೆ.

"ಯಾತಕ್ಕೆ ಸಾ, ಶಾಸ್ತ್ರ ಏಳೀರಾ?"

"ಅಳತೆ ನೋಡಬೇಕು."

"ಬಳೆ ಕೊಡುಸೀರಾ?"

ಇಟ್ಟರು. ಚಿತ್ರದ ಕೈಯೊಳಗೆ ಅವರ ಕೈ ತೊಟ್ಟಿಲಲ್ಲಿ ಮಗು ಮಲಗಿದಂತೆ ಕಾಣಿಸಿತು.

"ಅಸಮ್ಮತ," ಎಂದೆ.

"ಅಂಗಂದ್ರೆ?"

"ನಿಮ್ಮ ಕೈ ಚಿಕ್ಕದು."

"ನಂದು ಚಿಕ್ಕದಲ್ಲ ಸಾ, ಅದ್ಯಾರದೋ ದೊಡ್ಡದು. ಯಾರ್ದು ಸಾ ಅದು, ಬಾಳೆಗೊನೆ ಇದ್ದಂಗದೆ?"

"ಅದು ಪ್ರಮಾಣಿತ ಹಸ್ತ," ಎಂದೆ. ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿದ್ದೆ.

ಎರಡನೇ ಸಲ ಅವರು ಬೆರಳುಗಳ ಸುತ್ತ ರಾಗಿಹಿಟ್ಟು ಮೆತ್ತಿಕೊಂಡು ಬಂದಿದ್ದರು. ಗಾತ್ರ ಬಹುಮಟ್ಟಿಗೆ ಸರಿಹೋಗಿತ್ತು. ಆದರೆ ಕಿರುಬೆರಳು ಮೇಜಿಗೆ ಅಂಟಿಕೊಂಡಿತು. ಕೈ ತೊಳೆಸಿ, ಎರಡನೇ ಅಸಮ್ಮತಿ ದಾಖಲಿಸಿದೆ. ಹಿಟ್ಟು ವ್ಯರ್ಥ ಮಾಡಿದ್ದಕ್ಕೆ ಪ್ರತ್ಯೇಕ ಟಿಪ್ಪಣಿಯನ್ನೂ ಬರೆದೆ.

ಮೂರನೇ ಸಲ ಅವರು ತಮಾಷೆ ಮಾಡಲಿಲ್ಲ. ಕೈ ಇಡುವ ಮೊದಲೇ ಮಾತಾಡಿದರು.

"ಸಾ, ಒಂದ್ಮಾತು. ಮಂಡಿ ಓಗದೆ ನಂಗೆ. ನಾಟಿ ಮಾಡಕ್ಕೆ ಗದ್ದೆಗಿಳಿಯಂಗಿಲ್ಲ, ಕಳೆ ಕೀಳಾಕೆ ಬಗ್ಗಂಗಿಲ್ಲ. ಮಣೆ ಮ್ಯಾಲೆ ಕುಂತ್ಕಂಡು ಮಾಡೋ ಕೆಲ್ಸ ಅಂತ ಇದೊಂದು ಸಿಕ್ಕದೆ. ಕೈ ನೋಡ್ಬ್ಯಾಡಿ ಸಾ, ಸಾರ್ ನೋಡಿ."

"ಸಾರು ನನ್ನ ಪರಿಶೀಲನೆಯ ವ್ಯಾಪ್ತಿಗೆ ಬರುವುದಿಲ್ಲ," ಎಂದೆ. ಇದು ನಿಜ. ನಮೂನೆಯನ್ನು ತಯಾರಿಸಿದವನು ನಾನೇ ಎಂಬುದೂ ನಿಜ. ಮೂರನೇ ಬಾರಿಯೂ ಅಸಮ್ಮತವೆಂದು ಬರೆದೆ. ಅವರು ಸೌಟನ್ನು ತೊಳೆದು, ಬೋರಲು ಹಾಕಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಹೊರಗೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ನಿಂಗರಾಜು ಕಾಯುತ್ತಿದ್ದ. ಪಕ್ಕದಲ್ಲಿ ಅವನ ಭಾಮೈದ, ಗರಡಿಮನೆಯ ಪೈಲ್ವಾನ್ ನಂಜೇಶ್.

"ಸಾ, ಕೆಲ್ಸ ಖಾಲಿ ಆಯ್ತಂತೆ. ನಮ್ ಹುಡ್ಗನ್ ಕೈ ಒಸಿ ನೋಡ್ಬುಡಿ."

"ಅಡುಗೆ ಬರುತ್ತದೆಯೇ?"

"ಅಡುಗೆ ಏನ್ ಸಾ, ಪಟ ನೋಡ್ಕಂಡು ಮಾಡೋದು ತಾನೆ? ಅದಕ್ಕೇ ಅಲ್ವಾ ಗೌರ್ಮೆಂಟು ಪಟ ಕೊಟ್ಟಿರೋದು?"

ತರ್ಕದಲ್ಲಿ ದೋಷ ಕಾಣಲಿಲ್ಲ. ನಂಜೇಶ ಕೈಯಿಟ್ಟ. ಹಾಳೆಯ ಮೇಲೆ ಹಾಳೆ ಅಂಟಿಸಿದಂತೆ ಕೂತಿತು. ಎರಡು ತಾಲ್ಲೂಕುಗಳಲ್ಲಿ ನನ್ನ ಕಣ್ಣೆದುರು ಸಮ್ಮತವಾದ ಮೊದಲ ಕೈ ಅದು. ನನಗೆ ಸಂತೋಷವಾಗಿ ಕೈ ಕುಲುಕಿದೆ. ಆಗ ನನ್ನ ಕೈ ಆ ಕೈಯೊಳಗೆ ಪೂರ್ತಿ ಮುಳುಗಿಹೋಯಿತು. ಅದು ಆ ಹೊತ್ತಿಗೆ ನನ್ನ ಗಮನಕ್ಕೆ ಬರಲಿಲ್ಲ.

ನಂಜೇಶ ಚಿತ್ರಗಳನ್ನು ಒಂದಿಂಚೂ ಬಿಡದೆ ಪಾಲಿಸಿದ. ಮೊದಲ ವಾರದ ವರದಿಯಲ್ಲಿ ಹೀಗಿತ್ತು: "ಮಕ್ಕಳಲ್ಲಿ ನೀರು ಕುಡಿಯುವ ಸದಭ್ಯಾಸ ಮೂರು ಪಟ್ಟು ಹೆಚ್ಚಿರುತ್ತದೆ. ಪಕ್ಕದೂರಿನ ಮಕ್ಕಳು ಬರುವುದು ನಿಂತು ಹಾಜರಿ ಲೆಕ್ಕ ಸರಿಹೋಗಿರುತ್ತದೆ. ಬೋರ್‌ವೆಲ್ಲಿನ ಹಿಡಿ ಮುರಿದಿರುತ್ತದೆ." ಎರಡನೇ ವಾರ ಈ ಊರಿನ ಮಕ್ಕಳೂ ಬರುವುದನ್ನು ನಿಲ್ಲಿಸತೊಡಗಿದರು. ನಾನು ಹೋಗಿ ಒಂದು ತುತ್ತು ತಿಂದೆ. ಮೂರು ಲೋಟ ನೀರು ಕುಡಿದೆ. ಸಾರು ಚೆಲ್ಲಿದ್ದ ಚರಂಡಿಯ ಹತ್ತಿರ ಒಂದು ನಾಯಿ ನಿಂತು, ಮೂಸಿ, ನನ್ನ ಮುಖ ನೋಡಿ ಹೊರಟುಹೋಯಿತು. ಅದೂ ದೃಶ್ಯ ಕಲಿಕಾರ್ಥಿಯೇ ಇರಬೇಕು.

ಭಾನುವಾರ ಬೆಳಿಗ್ಗೆ ಹಾಳೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ನನ್ನ ಕೈಯ ಚಿತ್ರದ ಮೇಲೆ ನನ್ನ ಕೈಯನ್ನು ಇಟ್ಟೆ. ಸುತ್ತಲೂ ಒಂದೊಂದು ಬೆರಳಗಲ ಚಿತ್ರದ ಕೈ ಕಾಣಿಸಿತು. ಬೇರೆ ಬೇರೆ ರೀತಿಯಲ್ಲಿ ಇಟ್ಟು ನೋಡಿದೆ. ಬೆರಳುಗಳನ್ನು ಎಳೆದು ನೋಡಿದೆ. ಸ್ಕೇಲು ತಂದೆ. ನನ್ನ ಹೆಂಡತಿ ಸರ್ವಮಂಗಳಾ ಕಾಫಿ ತಂದಿಟ್ಟು ನಿಂತಳು.

"ಏನ್ರೀ ಅದು?"

"ನನ್ನ ಕೈ. ನನ್ನ ಕೈಗೆ ಹೊಂದುತ್ತಿಲ್ಲ."

"ಅದು ನಿಮ್ಮ ಕೈಯಾ?" ಹತ್ತಿರ ಬಂದು ನೋಡಿದಳು. "ಹದಿನೆಂಟು ವರ್ಷದಿಂದ ನೋಡ್ತಿದ್ದೀನಿ. ಈ ಕೈ ಒಂದು ಲೋಟ ತೊಳೆದಿದ್ದು ಕಾಣೆ. ಇದನ್ನ ನೋಡ್ಕೊಂಡು ಎರಡು ತಾಲ್ಲೂಕಿನೋರು ಅಡುಗೆ ಕಲೀಬೇಕಾ?"

"ಇದು ಪ್ರಮಾಣದ ಪ್ರಶ್ನೆ, ಮಂಗಳಾ."

"ಆ ಉಪ್ಪು ನೋಡಿದ್ರೇ ಗೊತ್ತಾಗುತ್ತೆ. ಅದು ಸಾರಿಗೆ ಹಾಕೋದಲ್ಲ, ಉಪ್ಪಿನಕಾಯಿಗೆ ಹಾಕೋದು."

ಸೋಮವಾರ ನಂಜನಗೂಡಿಗೆ ಹೋಗಿ ಪ್ರೆಸ್ಸಿನವರನ್ನು ಕೇಳಿದೆ. ಮಾಲೀಕರು ಬಹಳ ಸಜ್ಜನರು. "ಹೌದು ಸಾರ್, ಒಂಚೂರು ದೊಡ್ಡದು ಮಾಡಿದೀವಿ. ಕ್ಯಾಲೆಂಡರ್ ಸೈಜಿನ ಪೇಪರಿತ್ತು. ಅಷ್ಟು ದೊಡ್ಡ ಹಾಳೇಲಿ ಸಣ್ಣ ಕೈ ಇದ್ರೆ ಗೋಡೇಲಿ ಏನ್ ಶೋಭೆ ಬತ್ತದೆ? ಅದಕ್ಕೆ ಬೇರೆ ರೇಟೇನೂ ಹಾಕಿಲ್ಲ," ಎಂದರು.

ನಾನು ತಪ್ಪು ಮುಚ್ಚಿಡುವವನಲ್ಲ. ಅಂದೇ ಮೇಲಿನ ಕಚೇರಿಗೆ ಬರೆದೆ: ಮುದ್ರಿತ ಹಸ್ತವು ಮೂಲ ಹಸ್ತಕ್ಕಿಂತ ದೊಡ್ಡದಿದೆ, ಉಪ್ಪಿನ ಪ್ರಮಾಣವೂ ಬಲ್ಲವರನ್ನು ಕೇಳಿ ನಿಗದಿ ಮಾಡಿದ್ದಲ್ಲ, ಚಿತ್ರವನ್ನು ಹಿಂತೆಗೆದುಕೊಂಡು ಚಲುವಮ್ಮ ಎಂಬ ಅಡುಗೆಯವರನ್ನು ಮರಳಿ ತೆಗೆದುಕೊಳ್ಳಬೇಕು. ಹತ್ತು ದಿನದಲ್ಲಿ ಉತ್ತರ ಬಂತು.

"ಮುದ್ರಿತ ಚಿತ್ರವು ಅನುಮೋದಿತವಾಗಿರುತ್ತದೆ. ತಮ್ಮ ಕೈಯು ಅನುಮೋದಿತವಾಗಿರುವುದಿಲ್ಲ. ಆದ್ದರಿಂದ ವ್ಯತ್ಯಾಸವು ತಮ್ಮ ಕೈಯಲ್ಲಿ ಉಂಟಾಗಿರುತ್ತದೆ. ಈ ಬಗ್ಗೆ ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು."

ಎಸ್ಸೆಸ್ಸೆಲ್ಸಿ ಮುಗಿದಂದಿನಿಂದ ನನ್ನ ಕೈ ಇದೇ ಅಳತೆಯಲ್ಲಿದೆ ಎಂದು ವಿವರಣೆ ನೀಡಿದೆ. ವಿವರಣೆ ತೃಪ್ತಿಕರವಾಗಿಲ್ಲವೆಂದೂ, ಮುಂದೆ ಕೈಯ ಬಗ್ಗೆ ಎಚ್ಚರಿಕೆ ವಹಿಸಬೇಕೆಂದೂ ಉತ್ತರ ಬಂತು. ಜೊತೆಗೆ, ತಿಂಗಳ ಕೊನೆಗೆ ಜಂಟಿ ನಿರ್ದೇಶಕರು ಖುದ್ದಾಗಿ ಬಂದು, ನಾನು ಪ್ರಸ್ತಾಪಿಸಿದ ಶಾಲೆಯಲ್ಲೇ ಊಟ ಮಾಡಿ ಯೋಜನೆಯನ್ನು ಪರಿಶೀಲಿಸುತ್ತಾರೆ ಎಂದೂ ಇತ್ತು.

ನಾನು ಕಾಗದವನ್ನು ಮೇಜಿನ ಮೇಲಿಟ್ಟೆ. ಪುಟ್ಟಬಸವಯ್ಯನವರು ಬಾಗಿಲ ಹತ್ತಿರ ನಿಂತು ಕೆಮ್ಮಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಚಿತ್ರಕ್ಕೆ ಒಂದು ಕೈ ಬೇಕು. ಸಾರಿಗೆ ಒಂದು ಕೈ ಬೇಕು. ಎರಡೂ ಒಬ್ಬರದೇ ಆಗಿರ್ಬೇಕು ಅಂತ ಸುತ್ತೋಲೇಲಿ ಎಲ್ಲಿದೆ ಸಾರ್?"

ಸುತ್ತೋಲೆ ತೆಗೆದು ಓದಿದೆ. ಬರೆದವನು ನಾನೇ. ಇರಲಿಲ್ಲ. ಇಂಥದ್ದೊಂದು ಲೋಪವನ್ನು ನಾನು ಬಿಟ್ಟಿದ್ದೆನಲ್ಲ ಎಂದು ಮೊದಲು ನಾಚಿಕೆಯಾಯಿತು. ಅನಂತರ ಆದೇಶ ಟೈಪ್ ಮಾಡಿಸಿದೆ. ಅದರಂತೆ ಶಾಲೆಯಲ್ಲಿ ಎರಡು ಹುದ್ದೆಗಳು. ಒಂದು, ಹಸ್ತ ಸಹಾಯಕ: ಪ್ರಮಾಣಿತ ಹಸ್ತಕ್ಕೆ ಹೊಂದುವ ಕೈ ಉಳ್ಳವರಾಗಿದ್ದು, ಅಡುಗೆ ನಡೆಯುವಷ್ಟು ಹೊತ್ತು ಚಿತ್ರ ಸಂಖ್ಯೆ ಏಳರ ಮೇಲೆ ಕೈ ಇಟ್ಟುಕೊಂಡು ನಿಲ್ಲತಕ್ಕದ್ದು. ಇನ್ನೊಂದು, ಹಸ್ತ ಸಹಾಯಕರ ಅಧೀನದಲ್ಲಿ ಇತರೆ ಕೆಲಸಗಳು. ಅಡುಗೆ ಎಂಬುದು ‘ಇತರೆ’ಯಲ್ಲಿ ಬರುತ್ತಿತ್ತು.

ಹೆಮ್ಮಿಗೆಗೆ ನಾನೇ ಹೋದೆ. ಚಲುವಮ್ಮ ಜಗಲಿಯ ಮೇಲೆ ಕಾಲು ನೀಡಿಕೊಂಡು ಯಾರದೋ ಮನೆಯ ಹುರುಳಿ ಕೇರುತ್ತಿದ್ದರು. ಏಳಲಿಲ್ಲ. ಏಳಲಾಗುತ್ತಿರಲಿಲ್ಲವೋ, ಏಳುವ ಮನಸ್ಸಿರಲಿಲ್ಲವೋ, ನಾನು ಕೇಳಲಿಲ್ಲ. ಆದೇಶವನ್ನು ಓದಿ ಹೇಳಿದೆ.

"ನಂಗೇನಾರಾ ಬಡ್ತಿನಾ ಸಾ ಇದು?"

"ಇಲ್ಲ. ನೀವು ನಂಜೇಶನ ಕೆಳಗೆ."

"ಅವ್ನು ಏನ್ ಮಾಡಾನು?"

"ಕೈ ಇಡುತ್ತಾನೆ."

"ಎಲ್ಲಿ?"

"ಚಿತ್ರದ ಮೇಲೆ."

"ಸಾರಿಗಲ್ವಲ್ಲ?"

"ಸಾರಿಗಲ್ಲ."

ಮೊರವನ್ನು ಪಕ್ಕಕ್ಕಿಟ್ಟರು. "ಅಂಗಾರೆ ಬತ್ತೀನಿ. ಆದ್ರೆ ಸಾ, ಆ ಪಟದ ಕೈ ಯಾರ್ದು ಅಂತ ನೀವು ಏಳ್ಲೇ ಇಲ್ಲ."

"ಅದು ಈಗ ಯಾರದ್ದೂ ಅಲ್ಲ," ಎಂದೆ. ಮೇಲಿನ ಕಚೇರಿಯ ಪತ್ರದ ಪ್ರಕಾರ ಅದು ಸರಿಯಾದ ಉತ್ತರ.

ತಿಂಗಳ ಕೊನೆಗೆ ಜಂಟಿ ನಿರ್ದೇಶಕರು ಮೂರು ಜೀಪುಗಳಲ್ಲಿ ಬಂದರು. ಅಡುಗೆಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದ್ದ ನಿಂಗರಾಜು ಅವರನ್ನು ಮೊದಲು ಏಳನೇ ಚಿತ್ರದ ಹತ್ತಿರಕ್ಕೇ ಕರೆದೊಯ್ದ. ಅಲ್ಲಿ ನಂಜೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆರಳಿಗೆ ಶಾಯಿ ಹಚ್ಚಿಕೊಂಡು, ಗೋಡೆಯ ಮೇಲಿನ ಕೈಗೆ ಕೈ ಕೊಟ್ಟು ನಿಂತಿದ್ದ. ಜಂಟಿ ನಿರ್ದೇಶಕರು ಕನ್ನಡಕ ತೆಗೆದು, ಹಾಕಿ, ಕೈಯ ಅಂಚನ್ನು ಸುತ್ತಲೂ ನೋಡಿದರು.

"ಎಕ್ಸಲೆಂಟ್," ಎಂದರು. "ಒಂದಿಷ್ಟೂ ಗ್ಯಾಪ್ ಇಲ್ಲ. ಎಷ್ಟು ಹೊತ್ತಿಂದ ನಿಂತಿದ್ದೀಯಪ್ಪಾ?"

"ಬೇಳೆ ಇಟ್ಟಾಗ್ನಿಂದ ಸಾ."

"ಕೈ ನೋಯಲ್ವಾ?"

"ಸಾಮು ಮಾಡಿದ ಕೈ ಸಾ. ಸಾರು ಮಾಡಾಕಿಂತ ಇದೇ ಸುಲ್ಬ."

ಅವರ ಬೆನ್ನ ಹಿಂದೆ, ಒಲೆಯ ಪಕ್ಕದ ಮಣೆಯ ಮೇಲೆ ಕೂತಿದ್ದ ಚಲುವಮ್ಮ ಕುದಿಯುವ ಸಾರನ್ನು ಒಂದು ಸಲ ನೋಡಿದರು. ಡಬ್ಬಕ್ಕೆ ಕೈ ಹಾಕಿದರು. ಕೈ ತಾನೇ ಹೋಯಿತು, ಬಂತು. ನಾನೊಬ್ಬನೇ ನೋಡಿದೆ.

ಊಟಕ್ಕೆ ಮಕ್ಕಳ ಪಂಕ್ತಿಯಲ್ಲೇ ಕೂತೆವು. ಎದುರಿನ ಸಾಲಿನಲ್ಲಿ ಪಕ್ಕದೂರಿನ ಮಕ್ಕಳು ಆಗಲೇ ಬಂದು ಸೇರಿಕೊಂಡಿದ್ದರು. ಇದ್ದಕ್ಕಿದ್ದಂತೆ ಅವರಿಗೆ ಸುದ್ದಿ ಹೇಗೆ ತಲುಪಿತೋ. ಜಂಟಿ ನಿರ್ದೇಶಕರು ಒಂದು ತುತ್ತು ತಿಂದು ನಿಲ್ಲಿಸಿದರು. ಇನ್ನೊಂದು ತುತ್ತು ತಿಂದರು. ಬಡಿಸುತ್ತಿದ್ದ ಚಲುವಮ್ಮನನ್ನು ತಲೆಯೆತ್ತಿ ನೋಡಿದರು.

"ಬಹಳ ಚೆನ್ನಾಗಿದೆಯಮ್ಮಾ. ಉಪ್ಪು ಯಾರ ಕೈಯದು?"

ಪುಟ್ಟಬಸವಯ್ಯನವರ ಕೆಮ್ಮು ನಿಂತುಹೋಯಿತು. ನಿಂಗರಾಜು ನಂಜೇಶನ ಕಡೆ ನೋಡಿದ. ನಂಜೇಶ ಗೋಡೆಯ ಕಡೆ ನೋಡಿದ. ನನ್ನದು ಎಂದು ಚಲುವಮ್ಮ ಹೇಳಿದರೆ ಅವರ ಕೈ ನಾಲ್ಕನೇ ಬಾರಿಗೆ ಅಸಮ್ಮತವಾಗುತ್ತದೆ, ಮತ್ತೆ ಕರೆಯುವ ದಾರಿಯಿರುವುದಿಲ್ಲ. ನಿಜ ಹೇಳಬೇಕಾದವನು ನಾನು. ಮೂವತ್ತನೇ ವಯಸ್ಸಿಗೆ ನೌಕರಿಗೆ ಸೇರಿದಂದಿನಿಂದ ನಾನು ಒಂದೂ ಸುಳ್ಳು ಟಿಪ್ಪಣಿ ಬರೆದವನಲ್ಲ. ಬಾಯಿ ತೆರೆದೆ. ಬಾಯಲ್ಲಿ ತುತ್ತಿತ್ತು.

"ಪಟದ್ದು ಸಾ," ಎಂದರು ಚಲುವಮ್ಮ. "ಪಟದಲ್ಲಿ ಎಂಗದೋ ಅಂಗೇ."

ಜಂಟಿ ನಿರ್ದೇಶಕರು ನನ್ನ ಕಡೆ ತಿರುಗಿದರು. "ಹೌದೇನ್ರೀ?"

ನಾನು ನುಂಗಿದೆ. "ಹೌದು ಸಾರ್. ಚಿತ್ರ ಸಂಖ್ಯೆ ಏಳು."

ಅವರು ಬರೆದುಕೊಂಡರು. ಜೊತೆಗಿದ್ದ ಮೂವರು ಅಧಿಕಾರಿಗಳೂ ಬರೆದುಕೊಂಡರು. ಉಳಿದ ಶಾಲೆಗಳಿಗೂ ಒಂದೊಂದು ಹಸ್ತ ಸಹಾಯಕ ಹುದ್ದೆ ಮಂಜೂರು ಮಾಡಬೇಕೆಂದು ಅಲ್ಲೇ ತೀರ್ಮಾನವಾಯಿತು. ಗರಡಿಮನೆಗಳಿಗೆ ತಿಳಿಸುವ ಜವಾಬ್ದಾರಿಯನ್ನು ನಿಂಗರಾಜು ವಹಿಸಿಕೊಂಡ. ಯೋಜನೆ ಯಶಸ್ವಿಯಾಗಿದೆ ಎಂಬ ಪ್ರಮಾಣಪತ್ರಕ್ಕೆ ನಾನು ತೊಡೆಯ ಮೇಲಿಟ್ಟುಕೊಂಡೇ ಎಡಗೈಯಲ್ಲಿ ಸಹಿ ಮಾಡಿದೆ, ಬಲಗೈ ಎಂಜಲಾಗಿದ್ದರಿಂದ. ಸಹಿ ಹೊಂದುವುದಿಲ್ಲವೆಂದು ಯಾರೂ ತಕರಾರು ಮಾಡಲಿಲ್ಲ.

ಚಲುವಮ್ಮ ಕುಂಟುತ್ತ ಸಾಲಿನುದ್ದಕ್ಕೂ ಬಂದು ನನ್ನ ಮುಂದೆ ನಿಂತರು.

"ಇನ್ನೊಂದ್ ಸೌಟು ಬುಡ್ಲಾ ಸಾ?"

ತಟ್ಟೆಯನ್ನು ಮುಂದಕ್ಕೆ ತಳ್ಳಿದೆ.